ಫೈಟರ್ ಮೀನು ಮಂಕಾದರೆ ಮೊದಲು ನೀರನ್ನು ನೋಡಿರಿ

ಪೇಟೆಗೆ ಹೋದ ಮಕ್ಕಳು ಹಟ ಹಿಡಿದು, ಉದ್ದ ಬಾಲದ ನೀಲಿ ಅಥವಾ ಕೆಂಪು ಮೀನೊಂದನ್ನು ಪ್ಲಾಸ್ಟಿಕ್ ಲೋಟದಲ್ಲಿ ಮನೆಗೆ ತರುವುದುಂಟು. ಇದರ ಹೆಸರು ಬೆಟ್ಟಾ. ಅಂಗಡಿಯವರು ಫೈಟರ್ ಮೀನು ಎನ್ನುತ್ತಾರೆ. ಮೂರು ನಾಲ್ಕು ದಿನ ಕಳೆಯುವಷ್ಟರಲ್ಲಿ ಅದು ಆಹಾರ ಬಿಟ್ಟು, ರೆಕ್ಕೆ ಮಡಚಿಕೊಂಡು ತಳದಲ್ಲಿ ಮಲಗುತ್ತದೆ. ಆಗ ಅಂಗಡಿಗೆ ಓಡಿ ಔಷಧಿಯ ಸೀಸೆ ತರುವವರೇ ಹೆಚ್ಚು. ಬೆಳೆ ಹಳದಿಯಾದ ಕೂಡಲೇ ಬೇರನ್ನಾಗಲಿ ಮಣ್ಣನ್ನಾಗಲಿ ನೋಡದೆ ಔಷಧಿ ಸಿಂಪಡಿಸಿದಂತೆಯೇ ಇದು.

ಬೇಸಾಯಶಾಸ್ತ್ರದವನಿಗೆ ಮೀನಿನ ಮಾತೇಕೆ ಎಂದು ತಾವು ಕೇಳಬಹುದು. ಆದರೆ ಇದು ಗದ್ದೆಯ ಮೀನು. ಥೈಲ್ಯಾಂಡಿನ ಭತ್ತದ ಗದ್ದೆಗಳು, ಜೌಗು ನೆಲ ಮತ್ತು ನಿಧಾನವಾಗಿ ಹರಿಯುವ ಕಾಲುವೆಗಳು ಇದರ ತವರು. ಅಲ್ಲಿನ ಜನ ಕಾಳಗಕ್ಕಾಗಿ ಇದನ್ನು ಬಹುಕಾಲದಿಂದ ಸಾಕಿದ್ದಾರೆ. 2019ರಲ್ಲಿ ಆ ದೇಶದ ಸರ್ಕಾರ ಇದನ್ನು ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ನಿಂತ ನೀರು ಬಿಸಿಯೇರಿದಾಗ ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಆದ್ದರಿಂದ ಈ ಮೀನಿಗೆ ಕಿವಿರುಗಳ ಮೇಲ್ಭಾಗದಲ್ಲಿ ವಿಶೇಷ ಅಂಗವೊಂದಿದ್ದು, ಮೇಲೆ ಬಂದು ಗಾಳಿಯನ್ನು ಗುಟುಕರಿಸಿ ಉಸಿರಾಡಬಲ್ಲದು. ಈ ಗುಣವೇ ಅದಕ್ಕೆ ಮುಳುವಾಗಿದೆ. ಲೋಟದಲ್ಲೂ ಬದುಕುತ್ತದೆಂದು ಲೋಟದಲ್ಲೇ ಇಡುತ್ತಾರೆ. ಗಾಳಿಯೇನೋ ಮೇಲಿನಿಂದ ಸಿಕ್ಕೀತು. ನೀರಿನ ವಿಷದಿಂದ ಪಾರಾಗಲು ದಾರಿಯಿಲ್ಲ.

ಆ ವಿಷ ಯಾವುದು? ಯೂರಿಯಾ ಬಳಸುವ ನಿಮಗೆ ಅದರ ಪರಿಚಯವಿದೆ. ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅಮೋನಿಯಾವೇ ಹುಟ್ಟುತ್ತದೆ. ಹೊಲದ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಇದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಮೀನಿನ ತೊಟ್ಟಿಯಲ್ಲಿಯೂ ಕಲ್ಲು ಮತ್ತು ಫಿಲ್ಟರುಗಳ ಮೇಲೆ ಅಂಥವೇ ನೆಲೆಸುತ್ತವೆ. ಆದರೆ ಅದಕ್ಕೆ ಸುಮಾರು 4ರಿಂದ 6 ವಾರ ಬೇಕು. ಹೊಸ ತೊಟ್ಟಿಯಲ್ಲಿ ಈ ಕೆಲಸಗಾರರು ಇನ್ನೂ ಬಂದಿರುವುದಿಲ್ಲ. ಅಷ್ಟರೊಳಗೆ ಅಮೋನಿಯಾ ಕಿವಿರನ್ನು ಸುಡುತ್ತದೆ, ರೆಕ್ಕೆಯ ಅಂಚು ಹರಿಯತೊಡಗುತ್ತದೆ. ಸುಣ್ಣದ ಮಣ್ಣಿನ ಮೇಲೆ ಎರಚಿದ ಯೂರಿಯಾ ಬೇಗ ಆವಿಯಾಗಿ ಹೋಗುವುದನ್ನು ಬಲ್ಲಿರಿ. ಅದೇ ಕಾರಣದಿಂದ ಕ್ಷಾರ ನೀರಿನಲ್ಲಿ ಅಮೋನಿಯಾದ ವಿಷವೂ ಹೆಚ್ಚು. ಬಯಲುಸೀಮೆಯಲ್ಲಿ ಕೊಳವೆಬಾವಿಯ ನೀರು ಬಳಸುವವರು ಇದನ್ನು ಗಮನದಲ್ಲಿಡಬೇಕು.

ಇಷ್ಟೆಲ್ಲ ತಿಳಿದೂ ನಾನು ಎಡವಿದ್ದೇನೆ. ಮಗಳು ತಂದ ಮೀನು ಮಂಕಾದಾಗ, ಶುಚಿ ಮಾಡುವ ಹುಮ್ಮಸ್ಸಿನಲ್ಲಿ ಗಾಜಿನ ಭರಣಿಯನ್ನು ಪೂರ್ತಿ ಬರಿದುಮಾಡಿ, ತಿಕ್ಕಿ ತೊಳೆದು, ನಲ್ಲಿಯ ನೀರನ್ನು ನೇರವಾಗಿ ತುಂಬಿಸಿದೆ. ಡಿಸೆಂಬರಿನ ಚಳಿ ಬೇರೆ. ಮರುದಿನ ಬೆಳಿಗ್ಗೆ ಮೀನು ಒಂದು ಮಗ್ಗುಲಿಗೆ ವಾಲಿತ್ತು. ಮಗಳು ನನ್ನೊಡನೆ ಮಾತನಾಡಲಿಲ್ಲ. ನಲ್ಲಿ ನೀರಿನ ಕ್ಲೋರಿನ್ ಕಿವಿರಿಗೂ ಕೇಡು, ಉಪಕಾರಿ ಬ್ಯಾಕ್ಟೀರಿಯಾಗಳಿಗೂ ಕೇಡು.

ಆದ್ದರಿಂದ ನೀರನ್ನು ಒಮ್ಮೆಗೇ ಬದಲಿಸದೆ, ಮೂರರಲ್ಲೊಂದು ಪಾಲು ಮಾತ್ರ ತೆಗೆದು, ಅಷ್ಟೇ ಬಿಸುಪಿನ ನೀರನ್ನು ನಿಧಾನವಾಗಿ ಸೇರಿಸಿರಿ. ಮೀನು ಚೇತರಿಸುವವರೆಗೆ ದಿನವೂ ಹೀಗೆ ಮಾಡಬಹುದು. ನಲ್ಲಿ ನೀರಾದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಿರಿ. ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ದ್ರಾವಣ ಹಾಕಿದರೆ ಇನ್ನೂ ಕ್ಷೇಮ. ಒಂದೆರಡು ದಿನ ಆಹಾರ ನಿಲ್ಲಿಸಿದರೆ ತೊಂದರೆಯಿಲ್ಲ. ಈ ಮೀನಿನ ಹೊಟ್ಟೆ ಅದರ ಕಣ್ಣಿನಷ್ಟೇ ದೊಡ್ಡದೆಂದು ತಿಳಿದು ಕಾಳೆಣಿಸಿ ಹಾಕುವುದು ಒಳ್ಳೆಯದು. ನೀರಿನ ಉಷ್ಣಾಂಶ 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರಲಿ. ಚಳಿಗಾಲದಲ್ಲಿ ಸಣ್ಣ ಹೀಟರ್ ಬೇಕಾದೀತು. ಲೋಟ, ಭರಣಿಗಳನ್ನು ಬಿಟ್ಟು 15–20 ಲೀಟರ್ ಹಿಡಿಯುವ ತೊಟ್ಟಿಗೆ ಬದಲಿಸಿರಿ. ಮೇಲೆ ಗಾಳಿಯಾಡುವ ಮುಚ್ಚಳವಿರಲಿ, ಏಕೆಂದರೆ ಇದು ಹಾರುವ ಮೀನು. ಎರಡು ಗಂಡುಗಳನ್ನು ಎಂದಿಗೂ ಕೂಡಿಡಬಾರದು.

ನೀರು ಸರಿಯಾದ ಮೇಲೂ ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆಗಳೋ ಹೊಂಬಣ್ಣದ ಧೂಳೋ ಕಂಡರೆ ಅದು ಪರಾವಲಂಬಿ ಜೀವಿಗಳ ಬಾಧೆ. ಆಗ ಔಷಧಿ ಬೇಕು, ತೊಟ್ಟಿಯ ಅಳತೆ ಲೆಕ್ಕಹಾಕಿಯೇ ಹಾಕಬೇಕು. ಹೊಟ್ಟೆ ಊದಿ ಹುರುಪೆಗಳು ಸೆಟೆದು ನಿಂತರೆ ಮೀನು ಉಳಿಯುವುದು ಅಪರೂಪ. ಇದನ್ನು ಮಕ್ಕಳಿಗೆ ಮೊದಲೇ ಹೇಳುವುದು ಮೇಲು. ಸಾಕಲಾರೆವೆಂದು ಕೆರೆಗೋ ಬಾವಿಗೋ ಬಿಡುವುದು ಮಾತ್ರ ಬೇಡ. ಇದು ಹೊರನಾಡಿನ ಮೀನು, ರೋಗವೂ ಜೊತೆಗೆ ಹೋದೀತು.

ನಮ್ಮ ಮೀನು ಆರನೆಯ ದಿನ ಮೇಲೆ ಬಂದು ಗಾಳಿ ಗುಟುಕರಿಸಿ, ಎರಡು ಕಾಳು ಆಹಾರ ತಿಂದಿತು. ಬಾಲದ ಅಂಚು ಇನ್ನೂ ಪೂರ್ತಿ ಬೆಳೆದಿಲ್ಲ. ನೀರು ಬದಲಿಸುವ ಕೆಲಸವನ್ನು ಮಗಳು ನನ್ನಿಂದ ಕಿತ್ತುಕೊಂಡಿದ್ದಾಳೆ.