ಕಾಮಾಲೆಯ ಗ್ರಹಿಕೆ ಮತ್ತು ಹೆಪಟೈಟಿಸ್ ಸಿ ರಕ್ತಪರೀಕ್ಷೆ

ಜನಪದ ವೈದ್ಯದಲ್ಲಿ ಕಾಮಾಲೆಯನ್ನು ಗುರುತಿಸುವುದು ಕಣ್ಣು, ಮೂತ್ರಗಳ ಹಳದಿಯಿಂದ; ಹಳದಿ ಇಳಿದರೆ ರೋಗವೂ ಇಳಿಯಿತೆಂಬುದು ರೂಢಿಯ ನಂಬಿಕೆ. ಹೆಪಟೈಟಿಸ್ ಸಿ ಸೋಂಕು ಈ ಗ್ರಹಿಕೆಗೆ ಸಿಲುಕುವುದಿಲ್ಲ. ಅದು ಬಹುಮಟ್ಟಿಗೆ ಯಾವ ಕುರುಹನ್ನೂ ತೋರದೆ ದಶಕಗಳ ಕಾಲ ಯಕೃತ್ತನ್ನು ಹಾಳುಗೆಡವಬಲ್ಲದು.

1989ರಲ್ಲಿ ವೈರಾಣು ಪತ್ತೆಯಾದ ತರುವಾಯ ಪ್ರತಿಕಾಯ ಪರೀಕ್ಷೆ ಸಾಧ್ಯವಾಯಿತು. ಎಲೈಸಾ ವಿಧಾನದಲ್ಲಿ ವೈರಾಣುವಿನ ಪ್ರೋಟೀನು ಲೇಪಿಸಿದ ತಟ್ಟೆಯ ಕುಳಿಗೆ ರಕ್ತದ ಸೀರಮ್ ಹಾಕುತ್ತಾರೆ. ಪ್ರತಿಕಾಯಗಳಿದ್ದರೆ ಅಲ್ಲಿ ಅಂಟಿಕೊಳ್ಳುತ್ತವೆ. ಅನಂತರ ಸೇರಿಸುವ ಕಿಣ್ವದಿಂದ ಬಣ್ಣ ಮೂಡುತ್ತದೆ.

ಆದರೆ ಈ ಬಣ್ಣವೂ ಅಂತಿಮ ಸಾಕ್ಷ್ಯವಲ್ಲ. ಗುಣಹೊಂದಿದವರಲ್ಲಿಯೂ ಪ್ರತಿಕಾಯ ಉಳಿಯುತ್ತದೆ. ಸೋಂಕಿನ ಮೊದಲ ವಾರಗಳಲ್ಲಿ ಕಾಣದೆಯೂ ಇರಬಹುದು. ಅದು ಹಿಂದೊಮ್ಮೆ ಸೋಂಕು ತಗುಲಿದ್ದನ್ನಷ್ಟೇ ಹೇಳುತ್ತದೆ. ಈಗಲೂ ಸೋಂಕಿದೆಯೇ ಎಂಬುದನ್ನು ನಿರ್ಣಯಿಸುವುದು ಆರ್‌ಎನ್‌ಎ ಪರೀಕ್ಷೆ. ಬಹುತೇಕರನ್ನು ಗುಣಪಡಿಸುವ ಮಾತ್ರೆಗಳು ಇಂದು ಲಭ್ಯವಿರುವುದರಿಂದ ಈ ಎರಡನೆಯ ಪರೀಕ್ಷೆಯನ್ನು ಕೈಬಿಡುವಂತಿಲ್ಲ.