ಅಪ್ಪನ ಹೆರಾಲ್ಡ್ ಬಾಲ ಬೀಸಿದ್ದು ಯಾಕೆ?

ಕಲ್ಲೂರು ದಾಟಿ ಮಾನ್ವಿ ಕಡೆ ಹೋಗುತ್ತಿದ್ದಾಗ ಒಂದು ತಿರುವಿನಲ್ಲಿ ಎದುರಿಗೆ ಮೇವು ತುಂಬಿದ ಟ್ರ್ಯಾಕ್ಟರ್ ಬಂತು. ಅಪ್ಪ ಗಾಬರಿಯಲ್ಲಿ ಆಕ್ಸಿಲರೇಟರ್ ಬಿಟ್ಟರು. ಕಾರಿನ ಮೂತಿ ರಸ್ತೆ ಮೇಲೇ ಇತ್ತು, ಹಿಂಭಾಗ ಮಾತ್ರ ಮೊಳದಷ್ಟು ಪಕ್ಕಕ್ಕೆ ಸರಿದು ವಾಪಸ್ ಬಂತು. ಹಿಂದಿನ ಸೀಟಿನಲ್ಲಿದ್ದ ಅವ್ವ ಮಾನ್ವಿಯ ಅತ್ತೆ ಮನೆ ಮುಟ್ಟೋವರೆಗೂ ಮಾತಾಡಲಿಲ್ಲ. ರಾಯಚೂರಿಗೆ ಬಸ್ಸಿನಲ್ಲಿ ವಾಪಸ್ ಬಂದಳು. "ಇನ್ನ ಈ ಗಾಡ್ಯಾಗ ನಾ ಕೂಡಂಗಿಲ್ಲ" ಅಂದಿದ್ದು ಆವತ್ತೇ.

ಈ ಗಾಡಿ ಅಂದರೆ ಸ್ಟ್ಯಾಂಡರ್ಡ್ ಹೆರಾಲ್ಡ್ ಮಾರ್ಕ್ 3. ನಾಲ್ಕು ಬಾಗಿಲು, 948 ಸಿಸಿ ಇಂಜಿನ್, ಮದರಾಸಿನಲ್ಲಿ ತಯಾರಾದದ್ದು. ಅಜ್ಜ ಹತ್ತಿ ವ್ಯಾಪಾರದಲ್ಲಿ ನಾಲ್ಕು ಕಾಸು ನೋಡಿದ ಕಾಲದಲ್ಲಿ ಕೊಂಡಿದ್ದರು. ನೋಡಲು ಸಾಧು ಸಂಸಾರಸ್ಥರ ಕಾರು. ಆದರೆ ಬ್ರಿಟನ್ನಿನಲ್ಲಿ 1962ರಲ್ಲಿ ಬಂದ ಟ್ರಯಂಫ್ ಸ್ಪಿಟ್‌ಫೈರ್ ಅನ್ನೋ ಸ್ಪೋರ್ಟ್ಸ್ ಕಾರು ಇದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ ಕಟ್ಟಿದ್ದು. ಎರಡನ್ನೂ ಡಿಸೈನ್ ಮಾಡಿದವರು ಇಟಲಿಯ ಮಿಕೆಲೊಟ್ಟಿ. ಹಾಗಾಗಿ ಸ್ಪಿಟ್‌ಫೈರ್‌ನ ಹಿಂಬದಿ ಚಾಳಿಯೆಲ್ಲ ನಮ್ಮ ಹೆರಾಲ್ಡಿಗೂ ಉಂಟು.

ಆ ಚಾಳಿಗೆ ಸ್ವಿಂಗ್ ಆಕ್ಸಲ್ ಅಂತ ಹೆಸರು. ಹಿಂದಿನ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಹತ್ತಿರ ಮಾತ್ರ ಮಡಚುತ್ತದೆ, ಚಕ್ರದ ಹತ್ತಿರ ಮಡಚಲ್ಲ. ಚಕ್ರ ಹಕ್ಕಿ ರೆಕ್ಕೆ ಥರ ಮೇಲೆ ಕೆಳಗೆ ಆಡುತ್ತದೆ, ಆಡುತ್ತಾ ವಾಲುತ್ತದೆ. ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಕಾರಿನ ಹಿಂಭಾಗ ಎದ್ದು ಚಕ್ರ ಒಳಕ್ಕೆ ಮಡಚಿಕೊಳ್ಳುತ್ತೆ, ಟೈರಿನ ಹಿಡಿತ ತಪ್ಪುತ್ತೆ. ನಮ್ಮ ದೇಶದ ಮಾಲೀಕರಿಗೂ ಮೆಕ್ಯಾನಿಕ್‌ಗಳಿಗೂ ಇದು ಹಿಡಿಸಲಿಲ್ಲ. 1972ರಲ್ಲಿ ಬಂದ ಸ್ಟ್ಯಾಂಡರ್ಡ್ ಗೆಜೆಲ್‌ಗೆ ಕಂಪನಿಯೇ ಇದನ್ನು ಬಿಟ್ಟು ಸಾದಾ ಗಟ್ಟಿ ಆಕ್ಸಲ್ ಹಾಕಿತು.

ಆದರೆ ಐವತ್ತು ವರ್ಷ ಅಜ್ಜ, ಅಪ್ಪ ಇಬ್ಬರೂ ಇದನ್ನೇ ಓಡಿಸಿದ್ದಾರಲ್ಲ, ಬಾಲ ಬೀಸಿದ್ದು ಈಗ ಯಾಕೆ?

ಅಕ್ಕನಿಗೆ ಈ ಪ್ರಶ್ನೆಯೇ ಬೇಡವಾಗಿತ್ತು. "ವಿಂಟೇಜ್ ನಂಬರ್ ತಗೊಂಡು ಮನೆ ಮುಂದ ನಿಲ್ಲಿಸ್ರಿ" ಅಂದಳು. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ ಮೂಲ ಸ್ಥಿತಿಯ ಕಾರಿಗೆ 'ವಿಎ' ನಂಬರ್ ಸಿಗುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಅಂಥ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ರಿಪೇರಿ, ಅಷ್ಟಕ್ಕೇ. ಅಪ್ಪನಿಗೆ ಬೇಕಿದ್ದದ್ದು ದೇವದುರ್ಗದ ಹೊಲಕ್ಕೆ ಹೋಗುವ ಕಾರು. ಐದು ವರ್ಷಕ್ಕೊಮ್ಮೆ ಫಿಟ್‌ನೆಸ್ ಮಾಡಿಸಿ ಆರ್‌ಸಿ ನವೀಕರಿಸಿಕೊಂಡು ಬಂದವರು ಅವರು. ಕಾರು ನಿಂತರೆ ಅವರೂ ಮನೆಯಲ್ಲಿ ಕೂತುಬಿಡುತ್ತಾರೆ ಅನ್ನೋ ಭಯ ನನಗೆ.

ದಸರಾ ರಜೆಗೆ ಬೆಂಗಳೂರಿನಿಂದ ಬಂದವನೇ ಕಾರಿನ ಕೆಳಗೆ ನುಗ್ಗಿದೆ. ಹಿಂದಿನ ಚಕ್ರ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಒಂದು ಉದ್ದನೆಯ ತೋಳಿದೆ, ರೇಡಿಯಸ್ ಆರ್ಮ್. ಅದರ ಎರಡೂ ತುದಿಯಲ್ಲಿ ಬುಶ್. ಬುಶ್ ಅಂದರೆ ಒಂದರೊಳಗೊಂದು ಎರಡು ಕಬ್ಬಿಣದ ಕೊಳವೆ, ನಡುವೆ ಅಂಟಿಸಿದ ರಬ್ಬರ್. ಹಾರೆ ಕೊಟ್ಟು ಮೀಟಿದೆ. ರಬ್ಬರ್ ಬಿರುಕು ಬಿಟ್ಟು, ಒಳಗಿನ ಕೊಳವೆ ಒಂದು ಪಕ್ಕಕ್ಕೆ ಜೋತುಬಿದ್ದಿತ್ತು. ಅಂದರೆ ತಿರುವಿನಲ್ಲಿ ಹಿಂದಿನ ಚಕ್ರ ಯಾರೂ ಹೇಳದೇನೆ ತಾನೇ ಒಂಚೂರು ಸ್ಟೇರಿಂಗ್ ಮಾಡುತ್ತಿತ್ತು. ಮೊದಲೇ ಚಾಳಿ ಇರುವ ಆಕ್ಸಲ್, ಅದಕ್ಕೆ ಇದೊಂದು ಸೇರಿತ್ತು. ನಮ್ಮ ಎರೆ ಭೂಮಿ ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ, ಮೇಲಿನ ರಸ್ತೆ ಅಲೆಅಲೆಯಾಗುತ್ತೆ. ಜೊತೆಗೆ ರಾಯಚೂರಿನ ಬಿಸಿಲು. ರಬ್ಬರ್ ಇಷ್ಟು ದಿನ ತಡೆದದ್ದೇ ಹೆಚ್ಚು.

ಸ್ಪಿಟ್‌ಫೈರ್‌ಗೆ ಹೊಂದುವ ರಬ್ಬರ್ ಬುಶ್ ಆನ್‌ಲೈನಲ್ಲಿ ಸಿಕ್ಕಿತು. ಪಾಲಿಯುರೆಥೇನ್‌ದು ಹಾಕು ಅಂದವರೂ ಇದ್ದರು. ಅದು ಗಟ್ಟಿ, ಬಾಳಿಕೆಯೂ ಹೆಚ್ಚು. ಆದರೆ ಗುಂಡಿಯ ಏಟನ್ನೆಲ್ಲ ಸೀಟಿಗೆ ದಾಟಿಸುತ್ತೆ, ಸಿಲಿಕಾನ್ ಗ್ರೀಸ್ ಒಣಗಿದರೆ ಕಿರ್ ಅನ್ನುತ್ತೆ. ಅವ್ವನನ್ನು ಮತ್ತೆ ಕೂರಿಸಬೇಕಾದ ಕಾರಿಗೆ ಅದು ಬೇಡ ಅನಿಸಿತು. ಹಳೇ ಬುಶ್ಶನ್ನು ಹ್ಯಾಕ್‌ಸಾ ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆದೆ. ಹೊಸದಕ್ಕೆ ಸೋಪಿನ ನೀರು ಹಚ್ಚಿ ವೈಸ್‌ನಲ್ಲಿ ಒತ್ತಿ ಕೂರಿಸಿದೆ (ಎಣ್ಣೆ ಹಚ್ಚಿದರೆ ರಬ್ಬರ್ ಉಬ್ಬಿ ಹಾಳಾಗುತ್ತೆ). ಬೋಲ್ಟ್ ಬಿಗಿದು ಕಾರು ಕೆಳಗಿಳಿಸಿದೆ. ಸ್ಟೇಟಸ್‌ಗೆ ಫೋಟೋ ಕೂಡ ಹಾಕಿದೆ.

ಸಂಕ್ರಾಂತಿಗೆ ಬಂದಾಗ ಹಿಂದಿನಿಂದ ಮತ್ತೆ 'ಟಕ್ ಟಕ್'. ಮೂರು ತಿಂಗಳಿಗೇ ರಬ್ಬರ್ ಹರಿದಿತ್ತು! ಡೂಪ್ಲಿಕೇಟ್ ಮಾಲು ಕೊಟ್ಟಿದ್ದಾರೆ ಅಂತ ಬೈದುಕೊಂಡೇ ಓಣಿಯ ಹಳೇ ಮೆಕ್ಯಾನಿಕ್ ಚಾಚಾಗೆ ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು: "ಬೋಲ್ಟ್ ಟೈಟ್ ಮಾಡಿದಾಗ ಗಾಡಿ ಎಲ್ಲಿತ್ತು ತಮ್ಮಾ?"

ಜಾಕ್ ಮೇಲೆ.

"ಚಕ್ರ ಜೋತಾಡಾಗ ಟೈಟ್ ಮಾಡೀದಿ. ಇಳಿಸಿದ್ಮ್ಯಾಲ ರಬ್ಬರ್ ಕತ್ತು ತಿರುವಿದಂಗ ಆತು. ನಿಂತಲ್ಲೇ ಸಾಯತೈತಿ ಅದು."

ಬೋಲ್ಟ್ ಬಿಗಿದ ಕೂಡಲೇ ಬುಶ್ಶಿನ ಒಳಗಿನ ಕೊಳವೆ ಆ ಕೋನದಲ್ಲೇ ಸಿಕ್ಕಿಕೊಳ್ಳುತ್ತೆ. ಆಮೇಲಿನ ಚಲನೆಯೆಲ್ಲ ರಬ್ಬರ್ ತಿರುಚಿಯೇ ಆಗಬೇಕು. ಕಾರು ತನ್ನ ಭಾರದಲ್ಲಿ ನಿಂತಾಗ ಬಿಗಿದರೆ ತಿರುಚು ಎರಡೂ ಕಡೆ ಸಮನಾಗಿ ಹಂಚಿಕೊಳ್ಳುತ್ತೆ. ಜಾಕ್ ಮೇಲೆ ಬಿಗಿದರೆ ಸುಮ್ಮನೆ ನಿಂತ ಕಾರಿನಲ್ಲೂ ರಬ್ಬರ್ ತಿರುಚಿಕೊಂಡೇ ಇರುತ್ತೆ. ಮಾಲಿನದೇನೂ ತಪ್ಪಿರಲಿಲ್ಲ. ಮ್ಯಾನ್ಯುಯಲ್ ಓದದ ಇಂಜಿನಿಯರ್ ನಾನು.

ಯುಗಾದಿಗೆ ಎರಡನೇ ಸಲ, ಈ ಬಾರಿ ಚಾಚಾ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಶಾಕ್ ಅಬ್ಸಾರ್ಬರ್ ಬಿಚ್ಚುವ ಮೊದಲು ಚಕ್ರದ ಕೆಳಗೆ ಇನ್ನೊಂದು ಜಾಕ್ ಕೊಡಿಸಿದರು. ಹೆರಾಲ್ಡಿನಲ್ಲಿ ಚಕ್ರ ತೀರಾ ಕೆಳಗೆ ಇಳಿಯದಂತೆ ಹಿಡಿದಿರುವುದೇ ಶಾಕ್ ಅಬ್ಸಾರ್ಬರ್. ಸುಮ್ಮನೆ ಬಿಚ್ಚಿದರೆ ಅಡ್ಡ ಲೀಫ್ ಸ್ಪ್ರಿಂಗ್ ಚಕ್ರವನ್ನು ಕೆಳಕ್ಕೆ ಒದೆಯುತ್ತೆ. ಚಕ್ರದ ಬುಡದ ಉದ್ದ ಬೋಲ್ಟ್ ತುಕ್ಕು ಹಿಡಿದು ಕೊಳವೆಯೊಳಗೆ ಅಂಟಿಕೊಂಡಿತ್ತು. ಎರಡು ದಿನ ಡೀಸೆಲ್ ನೆನೆಹಾಕಿದರೂ ಅಲುಗಲಿಲ್ಲ, ಕೊನೆಗೆ ಕೊಯ್ದೇ ತೆಗೆದೆವು. ಅಲ್ಲಿನ ನೈಲಾನ್ ಬುಶ್ಶನ್ನು ಲೇಥ್ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿದೆವು. ರೇಡಿಯಸ್ ಆರ್ಮ್ ಬ್ರಾಕೆಟ್‌ನ ಹಿಂದಿನ ತೆಳು ತಗಡುಗಳನ್ನು ಎಣಿಸಿ ಬರೆದಿಟ್ಟು ಅಷ್ಟೇ ವಾಪಸ್ ಹಾಕಿದೆ, ಚಕ್ರದ ನೇರ ನಿಂತಿರುವುದೇ ಅದರ ಮೇಲೆ. ಆಮೇಲೆ ಕಾರು ಇಳಿಸಿ, ಹಿಂದಿನ ಸೀಟಿನಲ್ಲಿ ಎರಡು ಚೀಲ ಅಕ್ಕಿ ಇಟ್ಟು, ನೆಲದ ಮೇಲೆ ಮಲಗಿ ಒಂದೊಂದೇ ಬೋಲ್ಟ್ ಬಿಗಿದೆ.

ಅಪ್ಪ ಒಬ್ಬರೇ ಎರಡು ವಾರ ಓಡಿಸಿದರು, ಫಿಟ್‌ನೆಸ್ಸೂ ಆಯಿತು. ಆಮೇಲೊಂದು ಭಾನುವಾರ ದೇವದುರ್ಗಕ್ಕೆ ಹೊರಟಾಗ ಅವ್ವ ಏನೂ ಹೇಳದೆ ಬುತ್ತಿ ಗಂಟು ಹಿಡಿದು ಹಿಂದೆ ಬಂದು ಕೂತಳು. ಮೊದಮೊದಲು ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದಳು. ಗಬ್ಬೂರು ದಾಟೋವಷ್ಟರಲ್ಲಿ ನಿದ್ದೆ ಹೋಗಿದ್ದಳು.

ವಾಪಸ್ ಬಂದ ಮೇಲೆ ಬೋಲ್ಟ್‌ಗಳನ್ನೆಲ್ಲ ಮತ್ತೊಮ್ಮೆ ನೋಡಿದೆ. ಎಡಗಡೆಯದು ಕಾಲು ಸುತ್ತು ತಗೊಂಡಿತು.