ಜೋಳದ ನಾಡು ಮರೆಯಬಾರದ ಜೀವಸತ್ವ

ದಾಮರಗಿದ್ದ, ನಾರಾಯಣಪೇಟೆ, ಮಕ್ತಲ್ಲುಗಳ ಈ ಗಡಿಸೀಮೆಯಲ್ಲಿ ಮನೆಮಾತು ಕನ್ನಡವಿರಲಿ, ತೆಲುಗಿರಲಿ, ಹಿರಿಯರ ಊಟವೆಂದರೆ ಜೋಳದ ರೊಟ್ಟಿ. ದುಡಿಯುವ ಮೈಗೆ ಬಲವಿತ್ತ ಈ ಧಾನ್ಯವನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಜೋಳವೊಂದನ್ನೇ ನೆಚ್ಚಿದ ದಖ್ಖನಿನ ಬಡವರನ್ನು ಹಿಂದೆ ಕಾಡಿದ ‘ಪೆಲಾಗ್ರ’ ರೋಗದ ವಿಚಾರವನ್ನು ಪ್ರತಿಯೊಂದು ಕುಟುಂಬವೂ ಅರಿತಿರುವುದು ಲೇಸು.

ಈ ರೋಗದಲ್ಲಿ ಬಿಸಿಲು ತಾಗುವ ಕೈ, ಕಾಲು, ಕೊರಳುಗಳ ಚರ್ಮ ಮೊದಲು ಕೆಂಪಾಗಿ, ಬಳಿಕ ಕಪ್ಪಾಗಿ ಸುಲಿಯುತ್ತದೆ. ನಾಲಿಗೆ ಉರಿಯುತ್ತದೆ, ಭೇದಿ ಹತ್ತುತ್ತದೆ, ಬುದ್ಧಿ ಭ್ರಮಿಸುತ್ತದೆ. ಚಿಕಿತ್ಸೆ ದೊರೆಯದಿದ್ದರೆ ಪ್ರಾಣಕ್ಕೇ ಎರವಾಗುತ್ತದೆ. ಇದು ಅಂಟುಜಾಡ್ಯವಲ್ಲ, ಆಹಾರದ ಕೊರತೆಯ ಫಲ ಎಂಬುದನ್ನು 1914ರಿಂದ ಶ್ರಮಿಸಿದ ಅಮೆರಿಕದ ಜೋಸೆಫ್ ಗೋಲ್ಡ್‌ಬರ್ಗರ್ ತೋರಿಸಿಕೊಟ್ಟರು. 1937ರಲ್ಲಿ ಕಾನ್ರಾಡ್ ಎಲ್ವೆಹೆಮ್ ನಾಯಿಗಳಲ್ಲಿ ಇದನ್ನೇ ಹೋಲುವ ರೋಗವನ್ನು ನಿಕೋಟಿನಿಕ್ ಆಮ್ಲದಿಂದ ಗುಣಪಡಿಸಿದರು. ನಾವಿಂದು ನಿಯಾಸಿನ್ ಅಥವಾ ಬಿ3 ಜೀವಸತ್ವವೆನ್ನುವುದು ಇದನ್ನೇ.

ಅನ್ಯದೇಶಗಳಲ್ಲಿ ಇದು ಮೆಕ್ಕೆಜೋಳ ತಿನ್ನುವವರ ರೋಗ. ನಮ್ಮ ಬಿಳಿಜೋಳ ತಿನ್ನುವವರಿಗೇಕೆ ಬಂದಿತು? ಕೂನೂರಿನಿಂದ 1958ರಲ್ಲಿ ಹೈದರಾಬಾದಿಗೆ ಬಂದು, ಮುಂದೆ ರಾಷ್ಟ್ರೀಯ ಪೋಷಣ ಸಂಸ್ಥೆಯೆನಿಸಿದ ಪ್ರಯೋಗಶಾಲೆಯ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಅವರು 1960ರಲ್ಲಿ ಒಂದು ಕಾರಣವನ್ನು ಸೂಚಿಸಿದರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶವು ನಿಯಾಸಿನ್ನಿನ ಬಳಕೆಗೆ ಅಡ್ಡಿಯಾಗುತ್ತದೆ ಎಂಬುದು ಅವರ ಮತ. ಈ ಮತವನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ.

ಈ ಜೀವಸತ್ವದಿಂದ ದೇಹವು ‘ಎನ್‌ಎಡಿ’ ಎಂಬ ವಸ್ತುವನ್ನು ತಯಾರಿಸುತ್ತದೆ. ಜೀವಕೋಶವು ಅನ್ನದಿಂದ ಶಕ್ತಿ ಪಡೆಯುವುದಕ್ಕೂ, ಬಿಸಿಲಿನಿಂದ ಕೆಟ್ಟ ತನ್ನ ವಂಶತಂತುವನ್ನು ದುರಸ್ತಿ ಮಾಡುವುದಕ್ಕೂ ಇದೇ ಬೇಕು. ಹಗೇವಿನಲ್ಲಿ ಕಾಳು ತೀರಿದ ಮನೆಯ ಮೇಲೆ ಹೊಸ ಖರ್ಚು ಬಿದ್ದಂತೆ, ದುರಸ್ತಿಗೇ ಸಂಗ್ರಹವೆಲ್ಲ ವ್ಯಯವಾದರೆ ಕೋಶವು ಶಕ್ತಿಗುಂದಿ ಸಾಯುತ್ತದೆ. ಸತ್ತ ಕೋಶಗಳ ಒಳದ್ರವ್ಯ ಸೋರಿ ಸುತ್ತಲೂ ಉರಿಯೂತವೇಳುತ್ತದೆ. ಬಿಸಿಲು ಬಿದ್ದಲ್ಲೇ ಚರ್ಮ ಕೆಡುವುದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆ ಇದು. ನಿಯಾಸಿನ್ ದೊಡ್ಡಕರುಳಿನ ಉರಿಯೂತವನ್ನು ತಗ್ಗಿಸುವುದು 2014ರಲ್ಲಿ ಇಲಿಗಳಲ್ಲಿ ಕಂಡುಬಂದಿತು. ಚರ್ಮದ ಕ್ಯಾನ್ಸರ್ ಬಂದು ಹೋಗಿದ್ದ 386 ಜನರಲ್ಲಿ ಆಸ್ಟ್ರೇಲಿಯದ ವೈದ್ಯರು ನಡೆಸಿದ ಪರೀಕ್ಷೆಯಲ್ಲಿ, ಇದರ ಸೋದರರೂಪವಾದ ನಿಕೋಟಿನಮೈಡ್ ಸೇವಿಸಿದವರಿಗೆ ಹೊಸ ಕ್ಯಾನ್ಸರುಗಳು ಶೇಕಡಾ 23ರಷ್ಟು ಕಡಿಮೆಯಾದವು ಎಂದು 2015ರಲ್ಲಿ ಪ್ರಕಟವಾಯಿತು.

ಹಾಗೆಂದು ಗುಳಿಗೆಯ ಬೆನ್ನು ಹತ್ತತಕ್ಕದ್ದಲ್ಲ. ಮಿತಿಮೀರಿದ ನಿಯಾಸಿನ್ ಮುಖಕ್ಕೆ ಉರಿ ತರುತ್ತದೆ, ಯಕೃತ್ತನ್ನೂ ಕೆಡಿಸಬಲ್ಲದು. ರೊಟ್ಟಿಯ ಜೊತೆಗೆ ಶೇಂಗಾ ಹಿಂಡಿ, ಬೇಳೆ, ಕಾಳಿನ ಪಲ್ಯ, ಹಾಲು, ಸಾಧ್ಯವಿದ್ದವರಿಗೆ ಮೊಟ್ಟೆ ಅಥವಾ ಮೀನು ಇದ್ದರೆ ಸಾಕು. ಇಂಥ ಆಹಾರದಲ್ಲಿರುವ ಟ್ರಿಪ್ಟೊಫಾನ್ ಎಂಬ ಅಂಶದಿಂದಲೂ ದೇಹವು ನಿಯಾಸಿನ್ ತಯಾರಿಸಿಕೊಳ್ಳುತ್ತದೆ. ಸುಮಾರು 60 ಮಿಲಿಗ್ರಾಮಿಗೆ ಒಂದು ಮಿಲಿಗ್ರಾಮಿನಂತೆ.

ಪೆಲಾಗ್ರ ಇಂದು ವಿರಳ, ಆದರೆ ಅಳಿದಿಲ್ಲ. ಊಟ ಬಿಟ್ಟು ಹೆಂಡವನ್ನೇ ನೆಚ್ಚಿದವರಲ್ಲಿ ಈಗಲೂ ಕಾಣಿಸಿಕೊಳ್ಳುತ್ತದೆ. ಕ್ಷಯರೋಗಕ್ಕೆ ಕೊಡುವ ಐಸೋನಿಯಾಜಿಡ್ ಸೇವಿಸುವವರಲ್ಲಿಯೂ ಅಪರೂಪಕ್ಕೆ ಬರುವುದುಂಟು. ಅಂಥವರು ಔಷಧಿಯನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಕೊರಳ ಸುತ್ತ ಹಾರದಂತೆ ಕಪ್ಪು ಕಲೆ ಮೂಡಿದವರನ್ನು ಕಂಡರೆ ದೃಷ್ಟಿ ತೆಗೆಯುತ್ತ ಕೂಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸಕಾಲದಲ್ಲಿ ಗುರುತಿಸಿದರೆ ಈ ರೋಗ ಪೂರ್ಣವಾಗಿ ಗುಣವಾಗುತ್ತದೆ.